ಬೀಗ ತೆಗೆಯುವ ಹೊತ್ತು: ನಿರ್ಬಂಧ ಸಡಿಲಿಕೆಯ ಪ್ರಕಟಣೆಗಳು ಮತ್ತು ಉತ್ತರ ಬೆಂಗಳೂರಿನ ನಿವಾಸಿ, 2020–21

2021ರ ಜೂನ್ 14, ಸೋಮವಾರ. ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಿಗ್ಗೆ 5ರಿಂದ 10ರವರೆಗೆ ನಡೆದಾಡಬಹುದಿತ್ತು. ದಿನಸಿ, ಹಣ್ಣು, ತರಕಾರಿ ಅಂಗಡಿಗಳು 6ಕ್ಕೆ ತೆರೆದು ಮಧ್ಯಾಹ್ನ 2ಕ್ಕೆ ಮುಚ್ಚಬೇಕಿತ್ತು. ಹೋಟೆಲಿನಿಂದ ಪಾರ್ಸೆಲ್ ಒಯ್ಯಬಹುದು, ಕೂತು ತಿನ್ನುವಂತಿಲ್ಲ. ಆಟೊದಲ್ಲಿ ಇಬ್ಬರು ಪ್ರಯಾಣಿಕರಷ್ಟೇ. ಕಾರ್ಖಾನೆಗೆ ಶೇ 50ರಷ್ಟು ಕೆಲಸಗಾರರು, ಗಾರ್ಮೆಂಟ್ಸ್‌ಗೆ ಶೇ 30. ಬಸ್ಸಿಲ್ಲ, ಮೆಟ್ರೊ ಇಲ್ಲ. ಸಂಜೆ 7 ಹೊಡೆದರೆ ಕರ್ಫ್ಯೂ. ಶುಕ್ರವಾರ ಸಂಜೆ 7ರಿಂದ ಸೋಮವಾರ ಬೆಳಿಗ್ಗೆ 5ರವರೆಗೆ ವಾರಾಂತ್ಯದ ಕರ್ಫ್ಯೂ. ಈ ಪಟ್ಟಿ ಬಾಯಿಪಾಠವಾಗುವಷ್ಟರಲ್ಲಿ ಜೂನ್ 21 ಬಂತು: ಅಂಗಡಿ ಸಂಜೆ 5ರವರೆಗೆ, ಹೋಟೆಲಿನಲ್ಲಿ ಅರ್ಧದಷ್ಟು ಕುರ್ಚಿ, ಬಸ್ಸಿನಲ್ಲಿ ಅರ್ಧದಷ್ಟು ಸೀಟು. ಜುಲೈ 5ಕ್ಕೆ ಮತ್ತೊಂದು: ಮಾಲ್, ದೇವಸ್ಥಾನ ತೆರೆದವು, ವಾರಾಂತ್ಯದ ಕರ್ಫ್ಯೂ ಹೋಯಿತು, ರಾತ್ರಿ ಕರ್ಫ್ಯೂ 9ಕ್ಕೆ ಸರಿಯಿತು. ಮೂರು ವಾರ, ಮೂರು ವೇಳಾಪಟ್ಟಿ.

ಕೋವಿಡ್ ಕಾಲದ ಆಡಳಿತದ ಬಗ್ಗೆ ಬಂದ ಬರಹಗಳು ಹೆಚ್ಚಾಗಿ ಲಾಕ್‌ಡೌನ್ ಹೇರಿದ ಗಳಿಗೆಯನ್ನೇ ನೋಡಿವೆ. ಅದನ್ನು ಸಡಿಲಿಸಿದ ದಿನಗಳು ಅಷ್ಟು ಗಮನ ಪಡೆದಿಲ್ಲ. ನಿವಾಸಿಯ ಕಡೆಯಿಂದ ನೋಡಿದರೆ ಕಷ್ಟದ ದಿನಗಳು ಇವೇ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿ.ವಿ.ಯಲ್ಲಿ ಹೇಳಿದ್ದು ಎಲ್ಲರಿಗೂ ಅರ್ಥವಾಗಿತ್ತು: ಮನೆಯಿಂದ ಹೊರಗೆ ಬರಬೇಡಿ. ಅದಕ್ಕೆ ವಾರ್ಡ್ ಕಚೇರಿಯ ವ್ಯಾಖ್ಯಾನ ಬೇಕಿರಲಿಲ್ಲ. ಯಾವ ಅಂಗಡಿ, ಎಷ್ಟು ಹೊತ್ತು, ಯಾವ ಬೀದಿ, ಯಾರಿಗೆ ಪಾಸು ಎಂಬ ಪ್ರಶ್ನೆಗಳು ಎದ್ದದ್ದು ಬೀಗ ತೆಗೆಯುವಾಗ. ಅವಕ್ಕೆ ಉತ್ತರ ದೆಹಲಿಯಲ್ಲೂ ಇಲ್ಲ, ಪೂರ್ತಿಯಾಗಿ ವಿಧಾನಸೌಧದಲ್ಲೂ ಇಲ್ಲ. ಮನೆಗೆ ಹತ್ತಿರದ ಸರ್ಕಾರದಲ್ಲಿ ಇರಬೇಕು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ಆ ಹತ್ತಿರದ ಸರ್ಕಾರ ಅತಿ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ ಅತಿ ದುರ್ಬಲವಾಗಿತ್ತು ಎಂಬುದು ಈ ಲೇಖನದ ವಾದ.

ಮೊದಲು ನಕ್ಷೆಯ ಮಾತು. ‘ಉತ್ತರ ಬೆಂಗಳೂರು’ ಎಂದು ಜನ ಕರೆಯುವ ಪ್ರದೇಶ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ನಕ್ಷೆಯಲ್ಲಿ ಇರಲೇ ಇಲ್ಲ. 198 ವಾರ್ಡುಗಳು, 8 ವಲಯಗಳು. ಯಲಹಂಕಕ್ಕೆ ಅದರದೇ ಹೆಸರಿನ ವಲಯವಿತ್ತು. ಹೆಬ್ಬಾಳ ಪೂರ್ವ ವಲಯದಲ್ಲಿ, ಶಿವಾಜಿನಗರ, ಶಾಂತಿನಗರಗಳ ಜೊತೆಗೆ. ಯಶವಂತಪುರ ವಾರ್ಡ್ ರಾಜರಾಜೇಶ್ವರಿನಗರ ವಲಯಕ್ಕೆ ಸೇರಿದರೆ, ಅದಕ್ಕೆ ಅಂಟಿಕೊಂಡ ಮತ್ತಿಕೆರೆ ಪಶ್ಚಿಮ ವಲಯಕ್ಕೆ. ಆರ್.ಟಿ. ನಗರದ ಸಂಗತಿ ಇನ್ನೂ ವಿಚಿತ್ರ. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ, ಆಟೊದವರಿಗೂ ಅಂಚೆಯವರಿಗೂ ಗೊತ್ತಿರುವ ಈ ಬಡಾವಣೆಯ ಹೆಸರಿನಲ್ಲಿ ವಾರ್ಡೇ ಇರಲಿಲ್ಲ. ಗಂಗಾನಗರ, ಮನೋರಾಯನಪಾಳ್ಯ ಮುಂತಾದ ಹೆಸರುಗಳ ಕೆಳಗೆ ಅದು ಹಂಚಿಹೋಗಿತ್ತು. ಪೊಲೀಸ್ ನಕ್ಷೆ ಬೇರೆ. ಅಲ್ಲಿ ಆರ್.ಟಿ. ನಗರ ಮತ್ತು ಯಶವಂತಪುರ ಎರಡೂ ಉತ್ತರ ವಿಭಾಗದಲ್ಲಿ, ಯಲಹಂಕ ಈಶಾನ್ಯ ವಿಭಾಗದಲ್ಲಿ.

ಇದರ ಪರಿಣಾಮ ಕಾಗದದ ಮೇಲಷ್ಟೇ ಉಳಿಯಲಿಲ್ಲ. 2020ರ ಮಾರ್ಚ್‌ನಲ್ಲಿ ಪಾಲಿಕೆ ವಾರ್ ರೂಮ್ ತೆರೆದು ದಿನವೂ ಬುಲೆಟಿನ್ ಹೊರಡಿಸತೊಡಗಿತು. ನಕ್ಷೆ, ಅಂಕಿ, ವಲಯವಾರು ಪ್ರಕರಣ, ಕಂಟೈನ್‌ಮೆಂಟ್ ಪ್ರದೇಶಗಳ ಪಟ್ಟಿ ಅದರಲ್ಲಿರುತ್ತಿದ್ದವು. ದೇಶದ ಬೇರೆ ಮಹಾನಗರಗಳ ಪಕ್ಕದಲ್ಲಿಟ್ಟರೂ ಅದು ಮೆಚ್ಚಬೇಕಾದ ಕೆಲಸ. ಆದರೆ ಆರ್.ಟಿ. ನಗರದ ಎರಡನೇ ಬ್ಲಾಕಿನವರು ತಮ್ಮ ಬೀದಿಯ ಸ್ಥಿತಿ ತಿಳಿಯಬೇಕಾದರೆ ಮೊದಲು ತಮ್ಮ ವಾರ್ಡಿನ ಹೆಸರು ತಿಳಿದಿರಬೇಕಿತ್ತು. ಪಾಲಿಕೆ ಚುನಾವಣೆಯ ದಿನ ಬಿಟ್ಟರೆ ಬೇರೆ ದಿನ ವಾರ್ಡಿನ ಹೆಸರು ನೆನಪಿಟ್ಟುಕೊಳ್ಳುವ ಕಾರಣ ಎಷ್ಟು ಮನೆಗಳಿಗಿತ್ತು? ಪಾಲಿಕೆ ಮಾಹಿತಿ ಕೊಟ್ಟಿತು, ಆದರೆ ಜನ ತಮ್ಮ ಊರನ್ನು ಗುರುತಿಸುವ ಹೆಸರಿನಲ್ಲಿ ಕೊಡಲಿಲ್ಲ.

2020ರ ಮೊದಲ ಸಡಿಲಿಕೆಯ ದಾಖಲೆಗಳನ್ನು ದಿನಾಂಕದ ಸಾಲಿನಲ್ಲಿ ಓದಿದರೆ ಇನ್ನೊಂದು ತೊಡಕು ಕಾಣುತ್ತದೆ. ಮೇ 4ರಂದು ಮದ್ಯದಂಗಡಿಗಳು ತೆರೆದವು. ಮೇ 19ರಿಂದ ಬಿಎಂಟಿಸಿ ಬಸ್ಸುಗಳು ರಸ್ತೆಗಿಳಿದವು, ಪಾರ್ಕುಗಳು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ತೆರೆದವು. ಮೇ 24ರ ಭಾನುವಾರ ಪೂರ್ಣ ಕರ್ಫ್ಯೂ. ಮೇ 31ರ ಭಾನುವಾರವೂ ಇರುತ್ತದೆಂದುಕೊಂಡಿದ್ದಾಗ ಹಿಂದಿನ ದಿನ ಅದು ರದ್ದಾಯಿತು. ಜೂನ್ 8ಕ್ಕೆ ದೇವಸ್ಥಾನ, ಹೋಟೆಲು, ಮಾಲ್. ಜುಲೈ 14ರ ರಾತ್ರಿಯಿಂದ 22ರ ಬೆಳಿಗ್ಗೆಯವರೆಗೆ ಮತ್ತೆ ಲಾಕ್‌ಡೌನ್. ಸೆಪ್ಟೆಂಬರ್ 7ರಿಂದ ಮೆಟ್ರೊ ಓಡಿತಾದರೂ ಅದು ನೇರಳೆ ಮಾರ್ಗದಲ್ಲಿ. ಯಶವಂತಪುರವಿರುವ ಹಸಿರು ಮಾರ್ಗ ತೆರೆದದ್ದು 9ರಂದು, ಅದೂ ಸ್ಮಾರ್ಟ್ ಕಾರ್ಡ್ ಇದ್ದವರಿಗೆ. ‘ಮೆಟ್ರೊ ಶುರುವಾಯಿತಂತೆ’ ಎಂಬ ಸುದ್ದಿ ಕೇಳಿ 7ರಂದೇ ಯಶವಂತಪುರ ನಿಲ್ದಾಣಕ್ಕೆ ಹೋದವರಿಗೆ ಬಾಗಿಲು ಮುಚ್ಚಿತ್ತು. ಸುದ್ದಿ ಸುಳ್ಳಾಗಿರಲಿಲ್ಲ, ಅವರ ಮಾರ್ಗದ್ದಾಗಿರಲಿಲ್ಲ ಅಷ್ಟೇ.

ಆದೇಶ ಬದಲಾಗುವುದು ತಪ್ಪಲ್ಲ. ಸೋಂಕಿನ ಏರಿಳಿತಕ್ಕೆ ತಕ್ಕಂತೆ ನಿಯಮ ಬದಲಾಗಲೇಬೇಕು. ತೊಂದರೆಯಾದದ್ದು ಬದಲಾವಣೆಯ ವೇಗ, ಕಾರಣ ಹೇಳದ ಮೌನ ಎರಡೂ ಸೇರಿದಾಗ. ಮಾಸ್ಕ್ ದಂಡವನ್ನೇ ನೋಡಬಹುದು. 2020ರ ಮೇ ತಿಂಗಳಲ್ಲಿ ಪಾಲಿಕೆ 1000 ರೂಪಾಯಿ ಎಂದಿತು, ಕೆಲವೇ ದಿನಗಳಲ್ಲಿ 200ಕ್ಕೆ ಇಳಿಸಿತು. ಅಕ್ಟೋಬರ್ ಮೊದಲ ವಾರದಲ್ಲಿ ನಗರಗಳಲ್ಲಿ ಮತ್ತೆ 1000, ವಾರ ಕಳೆಯುವುದರೊಳಗೆ 250. ಅದೇ ವರ್ಷದ ಡಿಸೆಂಬರ್ 23ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಅಂದಿನಿಂದಲೇ ರಾತ್ರಿ 10ರಿಂದ ಕರ್ಫ್ಯೂ ಎಂದರು. ಆಮೇಲೆ ಅದು 24ರ ರಾತ್ರಿ 11ರಿಂದ ಎಂದಾಯಿತು. 24ರಂದು, ಜಾರಿಗೆ ಬರುವ ಮೊದಲೇ, ಹಿಂತೆಗೆದುಕೊಳ್ಳಲಾಯಿತು. 2021ರ ಏಪ್ರಿಲ್ 22ರಂದು ಇದಕ್ಕಿಂತ ಕಠಿಣವಾದದ್ದು ನಡೆಯಿತು. ವಾರಾಂತ್ಯಕ್ಕಷ್ಟೇ ಬಂದ್ ಎಂದು ನಂಬಿ ಬಾಗಿಲು ತೆರೆದಿದ್ದ ಅಂಗಡಿಗಳನ್ನು ಗುರುವಾರ ಹಾಡುಹಗಲೇ ಪೊಲೀಸರು ಮುಚ್ಚಿಸಿದರು. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಮೊಬೈಲ್ ರಿಪೇರಿಯವರಿಗೆ ತಿದ್ದಿದ ಆದೇಶ ಮುಟ್ಟಿದ್ದು ಲಾಠಿ ಹಿಡಿದವರ ಬಾಯಿಂದ.

ಹಾಗಾದರೆ ನಂಬುವಂಥ ಸುದ್ದಿ ಬೀದಿಗೆ ಬರುತ್ತಿದ್ದುದು ಹೇಗೆ? ಕಿರಾಣಿ ಅಂಗಡಿಯ ಮುಂದಿನ ನೆಲ ನೋಡಿದರೆ ಸಾಕಿತ್ತು. ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಎಳೆದ ಚೌಕ ಮತ್ತು ವೃತ್ತಗಳು, ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗ, ಷಟರ್‌ಗೆ ಅಂಟಿಸಿದ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ವೇಳೆ. ಆ ರಟ್ಟಿನಲ್ಲಿ ‘2’ ಎಂಬುದನ್ನು ಹೊಡೆದು ‘5’ ಎಂದು ತಿದ್ದಿದರೆ ಬೀದಿಯವರಿಗೆಲ್ಲ ಹೊಸ ಆದೇಶ ಬಂದಿದೆಯೆಂದು ತಿಳಿಯುತ್ತಿತ್ತು. ಕಸದ ಆಟೊಗಳ ಧ್ವನಿವರ್ಧಕ, ಪೊಲೀಸ್ ಜೀಪಿನ ಮೈಕು, ಮನೆಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಯರು, ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕದ ಫಲಕ, ನಿವಾಸಿಗಳ ಸಂಘದ ವಾಟ್ಸ್ಯಾಪ್ ಗುಂಪು: ಸ್ಥಳೀಯ ಸರ್ಕಾರದ ನಿಜವಾದ ಪ್ರಕಟಣಾ ವಿಭಾಗ ಇದೇ ಆಗಿತ್ತು. ಸಹಕಾರನಗರ, ಯಲಹಂಕ ಉಪನಗರದಂಥ ಕಡೆ ಸಂಘಗಳಿದ್ದವು, ಓದಿ ಹೇಳುವ ನಿವೃತ್ತ ನೌಕರರಿದ್ದರು. ಬಾಡಿಗೆಯ ಒಂಟಿ ಕೋಣೆಗಳ ಸಾಲಿನಲ್ಲಿ ಅವರಿರಲಿಲ್ಲ.

ಅಲ್ಲಿ ಸುದ್ದಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ವಲಸೆ ಕಾರ್ಮಿಕರ ರೈಲುಗಳೇ ಸಾಕ್ಷಿ. 2020ರ ಮೇ 3ರಂದು ಯಶವಂತಪುರದಾಚೆಯ ಚಿಕ್ಕಬಾಣಾವರದಿಂದ ಬಿಹಾರದ ಕಡೆ ಶ್ರಮಿಕ್ ರೈಲು ಹೊರಟಿತು. ಮೇ 5ರಂದು, ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆಗಿನ ಸಭೆಯ ಬೆನ್ನಿಗೆ, ರಾಜ್ಯ ಸರ್ಕಾರ ಮುಂದಿನ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಟೀಕೆ ಜೋರಾದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಊರಿಗೆ ಹೋಗಬೇಕಾದವರು ‘ಸೇವಾ ಸಿಂಧು’ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಮೊಬೈಲಿಗೆ ಬರುವ ಸಂದೇಶಕ್ಕೆ ಕಾಯಬೇಕಿತ್ತು. ಗಾರೆ ಕೆಲಸದ ಒಡಿಯಾ, ಹಿಂದಿ, ಬಂಗಾಳಿ ಮಾತಿನ ಯುವಕನಿಗೆ ಆ ಪೋರ್ಟಲ್ ಒಂದು ಗೋಡೆ. ಅವನು ಪೊಲೀಸ್ ಠಾಣೆಯ ಮುಂದೆ ಸಾಲು ನಿಂತ, ಗಾಳಿಮಾತು ಕೇಳಿ ಅರಮನೆ ಮೈದಾನಕ್ಕೆ ನಡೆದ. ಈ ನಗರ ಅವನ ಕೈಯಲ್ಲಿ ಕಟ್ಟಿಸಿಕೊಂಡಿತು, ಅವನ ಭಾಷೆಯಲ್ಲಿ ಎರಡು ಸಾಲು ಬರೆದು ಗೋಡೆಗೆ ಅಂಟಿಸಲಿಲ್ಲ. ಆ ವರ್ಷದ ಲೋಪಗಳಲ್ಲಿ ಕ್ಷಮಿಸಲಾಗದ್ದು ಇದು.

ಕನ್ನಡಿಗರ ಪಾಡೂ ಪೂರ್ತಿ ನೆಟ್ಟಗಿರಲಿಲ್ಲ. ಕರ್ನಾಟಕ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಹಾಗಿದ್ದೂ ಸಡಿಲಿಕೆಯ ಹಲವು ಆದೇಶಗಳು ಜನರ ಮೊಬೈಲುಗಳಲ್ಲಿ ಮೊದಲು ಹರಿದಾಡಿದ್ದು ಇಂಗ್ಲಿಷ್ ಕಡತಗಳಾಗಿ. ಅನುಬಂಧ, ಉಪಖಂಡ, ವಿನಾಯಿತಿಗೆ ವಿನಾಯಿತಿ. ಅದನ್ನು ಕನ್ನಡಕ್ಕಿಳಿಸಿ ‘ಏನಿದೆ, ಏನಿಲ್ಲ’ ಎಂಬ ಎರಡು ಪಟ್ಟಿಯಾಗಿ ಹೇಳಿದವರು ಪತ್ರಿಕೆಯವರು, ಟಿ.ವಿ.ಯವರು. ಪಾಲಿಕೆ ಮಾಡಬೇಕಿದ್ದ ಕೆಲಸವನ್ನು ಅವರು ಮಾಡಿದರು.

ಮಾಹಿತಿಯ ಜಾಗದಲ್ಲಿ ಬಲ ಬಂದು ಕೂತ ಪ್ರಸಂಗವೂ ಇದೆ. 2020ರ ಜುಲೈನಲ್ಲಿ ದೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ ಸೋಂಕು ಕಂಡಾಗ ಎರಡು ಮನೆಗಳ ಬಾಗಿಲಿಗೆ ತಗಡಿನ ಹಾಳೆ ಜಡಿಯಲಾಯಿತು. ಒಳಗೆ ಜನರಿದ್ದರು. ಚಿತ್ರ ಹರಡಿದ ಮೇಲೆ ತಗಡು ತೆಗೆಸಿ, ಆಯುಕ್ತ ಎನ್. ಮಂಜುನಾಥ ಪ್ರಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು. ದೊಮ್ಮಲೂರು ಉತ್ತರದಲ್ಲಿಲ್ಲ, ಆದರೆ ಹೆಬ್ಬಾಳದಂತೆ ಅದೂ ಪೂರ್ವ ವಲಯದ್ದೇ. ಆ ಚಿತ್ರ ನೋಡಿದ ಮೇಲೆ ಜ್ವರ ಬಂದವರು ಪಾಲಿಕೆಗೆ ಫೋನ್ ಮಾಡಲು ಹಿಂಜರಿದರೆ ಅವರನ್ನು ದೂರುವುದು ಕಷ್ಟ.

ನಗರದ ಆಡಳಿತ ಹೀಗೆ ಹಂಚಿಹೋಗಿದ್ದುದಕ್ಕೆ ಇತಿಹಾಸದಲ್ಲಿ ಒಂದು ಹಳೆಯ ಜೋಡಿಯಿದೆ. 1898ರಲ್ಲಿ ಪ್ಲೇಗ್ ಬಂದಾಗ ಬೆಂಗಳೂರಿಗೆ ಎರಡು ಸರ್ಕಾರಗಳು: ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರದ್ದು. ಎರಡು ಪುರಸಭೆಗಳು ಒಂದಾಗಿ ನಗರ ಪಾಲಿಕೆಯಾದದ್ದು 1949ರಲ್ಲಿ. ಯಲಹಂಕ ಸೇರಿದ್ದು ಬಹಳ ತಡವಾಗಿ. 2007ರವರೆಗೂ ಅದಕ್ಕೆ ತನ್ನದೇ ನಗರಸಭೆ ಇತ್ತು, ಪಕ್ಕದ ಬ್ಯಾಟರಾಯನಪುರಕ್ಕೂ ಇತ್ತು. ಆ ವರ್ಷ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ಕಟ್ಟಲಾಯಿತು. ಯಲಹಂಕದ ಸಂತೆಬೀದಿಯವರು ನಡೆದುಹೋಗಿ ಅಧ್ಯಕ್ಷರನ್ನು ಕೇಳಬಹುದಾಗಿದ್ದ ಪ್ರಶ್ನೆ, ಹದಿಮೂರು ವರ್ಷಗಳ ನಂತರ, ಹಡ್ಸನ್ ವೃತ್ತದ ಕೇಂದ್ರ ಕಚೇರಿಗೆ ಹೋಗುವ ಪ್ರಶ್ನೆಯಾಯಿತು.

2020ರಲ್ಲಿ ಕೇಳಲು ಕಾರ್ಪೊರೇಟರಾದರೂ ಇದ್ದರು. ಅವರ ಅವಧಿ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. ಎರಡನೇ ಅಲೆ ಹೊಡೆದು ಯಲಹಂಕದ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ ಏಪ್ರಿಲ್‌ನಲ್ಲಿ, ಆಮೇಲೆ ಜೂನ್‌ನ ಸಡಿಲಿಕೆಯಲ್ಲಿ, 198 ವಾರ್ಡುಗಳಲ್ಲಿ ಒಂದರಲ್ಲೂ ಚುನಾಯಿತ ಸದಸ್ಯರಿರಲಿಲ್ಲ. ಅಧಿಕಾರಿಗಳು ಕೈಕಟ್ಟಿ ಕೂರಲಿಲ್ಲ. ವಲಯಕ್ಕೊಂದು ವಾರ್ ರೂಮ್ ಆಯಿತು, ಮೇ ತಿಂಗಳಲ್ಲಿ ವಾರ್ಡ್ ಮಟ್ಟದ ತುರ್ತು ಸ್ಪಂದನಾ ಸಮಿತಿಗಳಾದವು, ಸ್ವಯಂಸೇವಕರು ಹಗಲಿರುಳು ಫೋನ್ ಹಿಡಿದರು. ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ವಾರ್ಡ್ ಸಮಿತಿಗಳಿಗೆ ಜಾಗ ಮಾಡಿಕೊಟ್ಟಿತ್ತು. ಅವು ವರ್ಷಪೂರ್ತಿ ಜೀವಂತವಾಗಿದ್ದರೆ ಬೆಂಕಿ ಬಿದ್ದ ಮೇಲೆ ಹೊಸ ಸಮಿತಿಯ ಬಾವಿ ತೋಡಬೇಕಿರಲಿಲ್ಲ.

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಅವುಗಳಲ್ಲೊಂದು ಬೆಂಗಳೂರು ಉತ್ತರ. ಯಲಹಂಕ, ಹೆಬ್ಬಾಳ ಈಗ ಅದರಲ್ಲಿವೆ. ಹೆಸರಾದರೂ ಜನರ ಬಾಯಿಯ ಹೆಸರಿಗೆ ಹತ್ತಿರ ಬಂದಿದೆ. ಪ್ರತಿ ವಾರ್ಡ್ ಕಚೇರಿಯ ಮುಂದೆ ಕನ್ನಡದಲ್ಲಿ ಒಂದು ಫಲಕ, ಅದರ ಮೇಲೆ ಆದೇಶದ ದಿನಾಂಕ, ಅದು ಮುಗಿಯುವ ದಿನಾಂಕ, ಕೇಳಬೇಕಾದವರ ಫೋನ್ ಸಂಖ್ಯೆ, ಆ ವಾರ್ಡಿಗೆ ಸೇರುವ ಬಡಾವಣೆಗಳ ಬಳಕೆಯ ಹೆಸರುಗಳು: ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ.

ಈ ವಿಷಯದ ಮುಂದಿನ ಸಂಶೋಧನೆಗೆ ಬೇಕಾದ ಸಾಮಗ್ರಿ ಸರ್ಕಾರದ ಕಡತಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮನೆಗಳಲ್ಲಿದೆ. ಸರ್ಕಾರಿ ಆದೇಶಗಳು ಹೇಗೋ ಉಳಿಯುತ್ತವೆ. ಲಿಫ್ಟಿನ ಪಕ್ಕ ಅಂಟಿಸಿದ ಚೀಟಿ, ಸಂಘದ ಸುತ್ತೋಲೆ, ‘ನಾಳೆಯಿಂದ ಹಾಲು ಇಷ್ಟು ಹೊತ್ತಿಗೆ’ ಎಂಬ ವಾಟ್ಸ್ಯಾಪ್ ಸಂದೇಶ ಉಳಿಯುವುದಿಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಓದುಗರಲ್ಲಿ ಯಾರ ಬಳಿಯಾದರೂ ಇಂಥವು ಇದ್ದರೆ, ದಯವಿಟ್ಟು ಅಳಿಸಬೇಡಿ. ದಿನಾಂಕ ಬರೆದು, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡಿ.