ಹಣ್ಣು ಮತ್ತು ಮನಸ್ಸು: ಒಂದು ಹಳೆಯ ನಂಟಿನ ಇತಿಹಾಸ



ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ಸಖರಾಯಪಟ್ಟಣ ಸಿಗುತ್ತದೆ. ಅದರ ಸಮೀಪದಲ್ಲಿ, ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ಅಯ್ಯನಕೆರೆ ಇದೆ. ರುಕ್ಮಾಂಗದರಾಯನು ಈ ಕೆರೆಯನ್ನು ಕಟ್ಟಿಸಿದನೆಂದು ಐತಿಹ್ಯ ಹೇಳುತ್ತದೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಇದರ ಜೀರ್ಣೋದ್ಧಾರವಾಯಿತು. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಈ ನೆಲದಲ್ಲಿ ತೋಟವೆಂದರೆ ಕೆರೆಯ ಕೊಡುಗೆ. ನೀರು ಹರಿದಲ್ಲಿ ತೆಂಗು, ಅಡಿಕೆ, ಅವುಗಳ ನಡುವೆ ಬಾಳೆ. ನೀರಿಲ್ಲದ ಗುಡ್ಡಗಳಲ್ಲಿ ಯಾರೂ ನೆಡದೆ ಬೆಳೆಯುವ ಕವಳೆ ಮತ್ತು ಎಲಚಿ. ಇಂಥ ಊರುಗಳ ಮಕ್ಕಳಿಗೆ ಹಣ್ಣು ಕೊಂಡು ತರುವ ವಸ್ತುವಾಗಿರಲಿಲ್ಲ, ಕೈಗೆಟಕುವ ವಸ್ತುವಾಗಿತ್ತು.

ಈ ಹಣ್ಣಿಗೂ ನಮ್ಮ ಮನಸ್ಸಿಗೂ ಏನಾದರೂ ಸಂಬಂಧವಿದೆಯೇ? ಪರೀಕ್ಷೆಯ ಒತ್ತಡ, ಫಲಿತಾಂಶದ ಚಿಂತೆ, ಮನೆ ಬಿಟ್ಟು ಹಾಸ್ಟೆಲಿನಲ್ಲಿರುವ ಒಂಟಿತನ, ಇವೆಲ್ಲ ನಿಮ್ಮ ವಯಸ್ಸಿನ ಅನುಭವಗಳು. ಆದ್ದರಿಂದ ಈ ಪ್ರಶ್ನೆ ನಿಮ್ಮದೇ. ಇದಕ್ಕೆ ಮನುಷ್ಯ ಬೇರೆ ಬೇರೆ ಕಾಲದಲ್ಲಿ ಉತ್ತರ ಹುಡುಕಿದ ಬಗೆಯನ್ನು ನೋಡೋಣ.

ಮೊದಲು ನಮ್ಮ ಪ್ರಾಚೀನ ವೈದ್ಯಕ್ಕೆ ಬನ್ನಿ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ದ್ರವ್ಯಗಳನ್ನು ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸಲಾಗಿದೆ. ಅದರಲ್ಲಿ ಒಂದು ಗುಂಪಿನ ಹೆಸರು ‘ಹೃದ್ಯ’. ಹೃದಯಕ್ಕೆ ಹಿತವಾದದ್ದು, ಮನಸ್ಸಿಗೆ ಪ್ರಿಯವಾದದ್ದು ಎಂಬ ಎರಡು ಅರ್ಥವೂ ಈ ಪದಕ್ಕುಂಟು. ಆ ಪಟ್ಟಿಯಲ್ಲಿ ಮಾವು, ಅಮಟೆ, ಕವಳೆ, ಎಲಚಿ, ದಾಳಿಂಬೆ, ಮಾದಲ ಮುಂತಾದವು ಇವೆ. ಹೆಚ್ಚಿನವು ಹುಳಿ ರುಚಿಯವು ಎಂಬುದನ್ನು ಗಮನಿಸಿ. ಅದೇ ಗ್ರಂಥ ಇನ್ನೊಂದೆಡೆ, ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದಕ್ಕೆ ಮೊದಲ ಸ್ಥಾನ ಕೊಡುತ್ತದೆ. ಆದರೆ ಇದು ಅನುಭವದಿಂದ ಮೂಡಿದ ತಿಳಿವಳಿಕೆ. ಅಳತೆ ಮಾಡಿ ನೋಡುವ ಕ್ರಮ ಇನ್ನೂ ಬಂದಿರಲಿಲ್ಲ.

ಆ ಕ್ರಮದ ಆರಂಭವನ್ನು ನಾವು ಸಮುದ್ರದ ಮೇಲೆ ಕಾಣುತ್ತೇವೆ. ತಿಂಗಳುಗಟ್ಟಲೆ ಹಡಗಿನಲ್ಲಿದ್ದು, ಒಣ ರೊಟ್ಟಿ ಮತ್ತು ಉಪ್ಪು ಹಾಕಿದ ಮಾಂಸವನ್ನೇ ತಿನ್ನುತ್ತಿದ್ದ ನಾವಿಕರಿಗೆ ಸ್ಕರ್ವಿ ಎಂಬ ರೋಗ ಬರುತ್ತಿತ್ತು. ಒಸಡಿನಲ್ಲಿ ರಕ್ತ, ಕೈಕಾಲುಗಳಲ್ಲಿ ನಿಶ್ಶಕ್ತಿ ಮಾತ್ರವಲ್ಲ, ಮನಸ್ಸೂ ಕುಗ್ಗುತ್ತಿತ್ತು. ಬ್ರಿಟಿಷ್ ನೌಕಾಧಿಕಾರಿ ಆನ್ಸನ್‌ನ ವಿಶ್ವಯಾನದ ಕಥನ 1748ರಲ್ಲಿ ಪ್ರಕಟವಾಯಿತು. ರೋಗಿಗಳನ್ನು ಆವರಿಸುತ್ತಿದ್ದ ವಿಚಿತ್ರ ನಿರುತ್ಸಾಹವನ್ನು ಅದು ದಾಖಲಿಸಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಪ್ರತಿ ಜೋಡಿಗೂ ಬೇರೆ ಬೇರೆ ಮದ್ದು ಕೊಟ್ಟ. ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿ ಆರೇ ದಿನಗಳಲ್ಲಿ ಚೇತರಿಸಿಕೊಂಡಿತು.

ಆ ಹಣ್ಣುಗಳಲ್ಲಿದ್ದ ಗುಣ ಯಾವುದೆಂದು ತಿಳಿಯಲು ಸುಮಾರು ಎರಡು ಶತಮಾನ ಬೇಕಾಯಿತು. ಹಂಗರಿಯ ಸೆಂಟ್ ಗ್ಯೋರ್ಗಿ ಅವರಿಗೆ 1937ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ, ‘ಸಿ’ ಜೀವಸತ್ವದ ಕುರಿತ ಅವರ ಸಂಶೋಧನೆಗೂ ಮನ್ನಣೆ ದೊರೆಯಿತು. ನಮ್ಮನ್ನು ಎಚ್ಚರವಾಗಿ, ಚಟುವಟಿಕೆಯಿಂದ ಇಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ದೇಹ ತಯಾರಿಸಿಕೊಳ್ಳಲು ಈ ಜೀವಸತ್ವ ಬೇಕು ಎಂಬುದು ಈಗ ತಿಳಿದಿದೆ. ಬಾಳೆಹಣ್ಣಿನಲ್ಲಿರುವ ‘ಬಿ6’ ಜೀವಸತ್ವ, ಸಿರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ತಯಾರಿಕೆಯಲ್ಲಿ ನೆರವಾಗುತ್ತದೆ. ಬಾಳೆಹಣ್ಣಿನಲ್ಲೇ ಸಿರೊಟೋನಿನ್ ಇದೆ, ತಿಂದರೆ ಸಂತೋಷ ಬರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಹಣ್ಣಿನಲ್ಲಿ ಅದು ಇರುವುದು ನಿಜ. ಆದರೆ ತಿಂದ ಸಿರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳಬೇಕು.

ಹಾಗಾದರೆ ಯುವಜನರ ಮೇಲೆ ನೇರವಾಗಿ ಪರೀಕ್ಷೆ ನಡೆದಿದೆಯೇ? ನಡೆದಿದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ಸಂಶೋಧಕರು 18ರಿಂದ 25 ವರ್ಷದ 171 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಎಂದಿನ ಆಹಾರವನ್ನೇ ತಿಂದಿತು. ಎರಡನೆಯದಕ್ಕೆ ಹಣ್ಣು ತರಕಾರಿ ತಿನ್ನಿರೆಂದು ನೆನಪಿಸುವ ಸಂದೇಶವೂ ಕೊಳ್ಳಲು ಚೀಟಿಯೂ ಸಿಕ್ಕಿದವು. ಮೂರನೆಯದಕ್ಕೆ ತಾಜಾ ಹಣ್ಣು ತರಕಾರಿಯನ್ನೇ ಕೈಗೆ ಕೊಟ್ಟರು. 14 ದಿನಗಳ ಬಳಿಕ ಮೂರನೆಯ ಗುಂಪಿನಲ್ಲಿ ಮಾತ್ರ ಉತ್ಸಾಹ, ಲವಲವಿಕೆ ಹೆಚ್ಚಿದ್ದು ಕಂಡಿತು. ಆದರೆ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಲಿಲ್ಲ. 2017ರಲ್ಲಿ ಪ್ರಕಟವಾದ ಈ ಫಲಿತಾಂಶದ ಎರಡು ಭಾಗಗಳನ್ನೂ ನೀವು ನೆನಪಿಡಬೇಕು.

ಮರುವರ್ಷ, ನ್ಯೂಜಿಲೆಂಡ್ ಮತ್ತು ಅಮೆರಿಕದ 422 ಯುವಜನರ ಸಮೀಕ್ಷೆಯೊಂದು ಪ್ರಕಟವಾಯಿತು. ಹಸಿ ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ ಎಂದು ಅದು ತೋರಿಸಿತು. ಇಲ್ಲೊಂದು ಎಚ್ಚರಿಕೆ ಬೇಕು. ಹಣ್ಣು ತಿಂದದ್ದರಿಂದ ಮನಸ್ಸು ಹಗುರವಾಯಿತೇ, ಇಲ್ಲವೇ ಮನಸ್ಸು ಹಗುರವಾಗಿದ್ದವರಿಗೆ ಹಣ್ಣು ರುಚಿಸಿತೇ? ಸಮೀಕ್ಷೆಯೊಂದೇ ಇದನ್ನು ಬಿಡಿಸಿ ಹೇಳಲಾರದು. ಖಿನ್ನತೆ ಬಂದವರಿಗೆ ಊಟವೇ ಸೇರದೆ ಹೋಗುವುದು ಸಾಮಾನ್ಯ.

ಈ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಇಷ್ಟು. ಹಣ್ಣು ಮನಸ್ಸಿಗೆ ಹಿತವೆಂಬ ಹಿರಿಯರ ಅನುಭವ ಬರಿಯ ಕಲ್ಪನೆಯಲ್ಲ. ಆದರೆ ಹಿತವಾದದ್ದೆಲ್ಲ ಚಿಕಿತ್ಸೆಯಲ್ಲ. ಬೇಸರ ಬೇರೆ, ಖಿನ್ನತೆ ಬೇರೆ. ಬೇಸರ ಬಂದು ಹೋಗುತ್ತದೆ. ಎರಡು ವಾರ ಕಳೆದರೂ ಮಂಕು ಕವಿದಂತಿದ್ದು, ನಿದ್ರೆ, ಊಟ, ಓದು ಯಾವುದೂ ಬೇಡವಾದರೆ ಅದು ಕಾಯಿಲೆಯಾಗಿರಬಹುದು. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಆದ್ದರಿಂದ ನಾಚಿಕೆಪಡುವ ಕಾರಣವಿಲ್ಲ. ಮನೆಯವರಿಗೋ ಅಧ್ಯಾಪಕರಿಗೋ ಹೇಳಿ, ವೈದ್ಯರನ್ನು ಕಾಣಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಉಳಿದಂತೆ, ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಾಗಿ ದೂರದೇಶದ ದುಬಾರಿ ಹಣ್ಣು ಬೇಕಿಲ್ಲ. ಸೀಬೆ, ಪಪ್ಪಾಯ, ನೆಲ್ಲಿ, ಬಾಳೆ ಸಾಕು. ಒಟಾಗೊದ ವಿದ್ಯಾರ್ಥಿಗಳಿಗೆ ಗುಣ ಕಂಡದ್ದು ಹಣ್ಣು ಕೈಗೇ ಬಂದಾಗ ಎಂಬುದನ್ನು ಮರೆಯಬೇಡಿ. ಊರಿಗೆ ಹೋದವರು ಹಾಸ್ಟೆಲಿಗೆ ಮರಳುವಾಗ ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು ತನ್ನಿ. ಕೋಣೆಯಲ್ಲಿ ಮಂಕಾಗಿ ಕುಳಿತ ಗೆಳೆಯನಿಗೂ ಒಂದು ಕೊಟ್ಟು, ಹೇಗಿದ್ದೀಯೆ ಎಂದು ವಿಚಾರಿಸಿ.