ಹಿತ್ತಾಳೆಯ ಸಣ್ಣ ತೂತು

ನಮ್ಮ ಮನೆಯ ಹಿಂದಿನ ಶೀಟಿನ ಕೊಟ್ಟಿಗೆಯಲ್ಲಿ ತಂದೆಯವರ ಜಾವಾ ಮೋಟಾರ್‌ಸೈಕಲ್ ಬಹಳ ವರ್ಷ ಗೋಣಿಚೀಲ ಹೊದ್ದು ನಿಂತಿತ್ತು. 1968ರಲ್ಲಿ ಕೊಂಡ ಗಾಡಿ. ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು, ಎರಡು ಕೈಯಿಂದ ಹ್ಯಾಂಡಲ್ ಹಿಡಿದುಕೊಂಡು ದಸರಾ ದೀಪಾಲಂಕಾರ ನೋಡಿದವಳು ನಾನು. ತಂದೆಯವರು ಹೋದಮೇಲೆ ಅದನ್ನು ಮಾರಲು ಅಮ್ಮ ಒಪ್ಪಲಿಲ್ಲ, ಓಡಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಕೋಳಿಗಳು ಅದರ ಸೀಟಿನ ಮೇಲೆ ಮಲಗುತ್ತಿದ್ದವು.

ಮೈಸೂರಿನವರಿಗೆ ಜಾವಾ ಎಂದರೆ ನೆಂಟರ ಹೆಸರು ಹೇಳಿದ ಹಾಗೆ. ಆದರೆ ಆ ಹೆಸರು ಹುಟ್ಟಿದ್ದು ಪ್ರಾಗ್ ನಗರದಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ತಯಾರಿಸುವ ಹಕ್ಕು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. ಅವರ ಭಾಷೆಯಲ್ಲಿ ಅದು 'ಯಾವಾ'. ಆ ಗಾಡಿಗಳನ್ನು ಮುಂಬಯಿಗೆ ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು, ಆಮದು ನಿಂತಾಗ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನೇ ಕಟ್ಟಿದರು. 1961ರಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಗೋಣಿಚೀಲ ತೆಗೆದವನು ನನ್ನ ಮಗ. ಮೊಮ್ಮಗ ಅಜ್ಜನ ಗಾಡಿ ರಿಪೇರಿ ಮಾಡಿಸುತ್ತಾನೆಂದು ಅಮ್ಮ ತಮ್ಮ ಪೆನ್ಷನ್ ಹಣವನ್ನೂ ಕೊಟ್ಟರು. ರಿಪೇರಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಹಳೆಯ ಸೈಲೆನ್ಸರ್ ತೆಗೆದು ಸಲೀಸಾಗಿ ಹೊಗೆ ಬಿಡುವ ಬೇರೊಂದನ್ನು ಹಾಕಿಸಿದ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ, ಬಾಯಿ ತೆರೆದಂತಿರುವ ಪುಟ್ಟ ಫಿಲ್ಟರ್ ಸಿಕ್ಕಿಸಿದ. ಗಾಡಿ ಮೊದಲಿಗಿಂತ ಚುರುಕಾಯಿತು. ಹದಿನೈದು ದಿನ ಬೀದಿಯ ಹುಡುಗರೆಲ್ಲ ನಮ್ಮ ಗೇಟಿನ ಹತ್ತಿರವೇ ಇದ್ದರು.

ಒಂದು ಭಾನುವಾರ ನಂಜನಗೂಡಿನ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿ ಹೋಗುತ್ತಿರುವಾಗ ಎಂಜಿನ್ ಹಿಡಿದುಕೊಂಡಿತು. ಕಾದ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ತಟ್ಟನೆ ನಿಲ್ಲುತ್ತದೆ. ಗಾಡಿ ಮಾತ್ರ ನಿಲ್ಲುವುದಿಲ್ಲ, ಜಾರುತ್ತದೆ. ಮಗನ ಭುಜದ ಎಲುಬು ಮುರಿಯಿತು. ಹಿಂದಿನಿಂದ ಲಾರಿ ಬರದಿದ್ದುದು ನಮ್ಮ ಪುಣ್ಯ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಆ ಗಾಡಿಯನ್ನು ಗುಜರಿಗೆ ಹಾಕುತ್ತೇನೆಂದು ಗಟ್ಟಿಯಾಗಿಯೇ ಹೇಳಿದೆ. ಅಮ್ಮ ಮಾತಾಡಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಗುಜರಿಗೆ ಹಾಕುವ ಮುಂಚೆ ಏನಾಯಿತೆಂದು ತಿಳಿಯಬೇಕೆನಿಸಿತು. ಚರಿತ್ರೆ ಪಾಠ ಮಾಡುವವರ ಚಟ ಇದು, ಯುದ್ಧ ಮುಗಿದಮೇಲೆ ಕಾರಣ ಹುಡುಕುವುದು. ತಂದೆಯವರ ಕಾಲದ ಮೆಕ್ಯಾನಿಕ್ ಒಬ್ಬರಿದ್ದಾರೆ, ವಯಸ್ಸಾಗಿದೆ, ಅಂಗಡಿಯನ್ನು ಅವರ ಮಗ ನೋಡಿಕೊಳ್ಳುತ್ತಾನೆ. ಅವರು ಕಾರ್ಬ್ಯುರೇಟರ್ ಬಿಚ್ಚಿ, ಹೆಸರುಕಾಳಿಗಿಂತ ತುಸು ದೊಡ್ಡ ಹಿತ್ತಾಳೆಯ ತಿರುಪೊಂದನ್ನು ನನ್ನ ಅಂಗೈಗೆ ಹಾಕಿದರು. ನಡುವೆ ತೂತು, ತಲೆಯ ಮೇಲೆ 92 ಎಂಬ ಅಂಕೆ.

"ಇದೇ ಜೆಟ್ ಟೀಚರಮ್ಮ. ಗಾಳಿ ಜಾಸ್ತಿ ಬಿಟ್ಟ ನಿಮ್ಮ ಮಗ, ಪೆಟ್ರೋಲ್ ಜಾಸ್ತಿ ಬಿಡಲಿಲ್ಲ. ಅಕ್ಕಿ ಎರಡು ಪಾವು, ನೀರು ಒಂದು ಪಾವು ಇಟ್ಟರೆ ತಳ ಹಿಡಿಯಲ್ವಾ?"

ಇಷ್ಟು ಚೆನ್ನಾಗಿ ನನಗೆ ಬಿ.ಎಡ್‌ನಲ್ಲಿ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ಒಂದು ಗ್ರಾಂ ಪೆಟ್ರೋಲ್ ಚೆನ್ನಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಜಾವಾದಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಇನ್ನೊಂದು ಅಪಾಯ, ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿರುತ್ತಾರೆ. ಪೆಟ್ರೋಲ್ ಕಡಿಮೆ ಹೋದರೆ ಎಣ್ಣೆಯೂ ಕಡಿಮೆ ಹೋಯಿತು. ಸಾಲದ್ದಕ್ಕೆ ಪೆಟ್ರೋಲೇ ಬದಲಾಗಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬಂತು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಆ ಮಿಶ್ರಣದ ಒಂದು ಗ್ರಾಮಿಗೆ ಹದಿಮೂರೂವರೆ ಗ್ರಾಂ ಗಾಳಿ ಸಾಕು. ಅಂದರೆ ಯಾರೂ ಕೈಹಾಕದ ಹಳೆಯ ಗಾಡಿಗೂ ಅದರ ಹಳೆಯ ಜೆಟ್ ಈಗ ಸ್ವಲ್ಪ ಚಿಕ್ಕದೇ. ನಮ್ಮ ಗಾಡಿಗೆ ಎರಡೂ ಕಡೆಯಿಂದ ಪೆಟ್ಟು ಬಿದ್ದಿತ್ತು.

ತೂತಿನಲ್ಲಿ ಕಸ ಕಂಡಂತಾಗಿ ಸೀರೆಯ ಪಿನ್ನು ತೆಗೆದೆ. ಅವರು ನನ್ನ ಕೈ ತಡೆದರು. ಹಿತ್ತಾಳೆ ಮೆದು, ಪಿನ್ನು ಚುಚ್ಚಿದರೆ ತೂತು ಹಿಗ್ಗುತ್ತದೆ, ಅಂಕೆ ಸುಳ್ಳಾಗುತ್ತದೆ, ಗಾಳಿ ಊದಿಯೇ ತೆಗೆಯಬೇಕು ಎಂದರು.

ಆಗ ನನಗೆ ಬರ್ಥಾ ಬೆಂಜ್ ನೆನಪಾದಳು. ಕಾರು ಕಂಡುಹಿಡಿದ ಕಾರ್ಲ್ ಬೆಂಜನ ಹೆಂಡತಿ. 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಆ ಕಾರಿನಲ್ಲಿ ತವರಿಗೆ ಹೋದವಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡಳು. ಆ ಕಾರಿನ ಕಾರ್ಬ್ಯುರೇಟರಿನಲ್ಲಿ ಜೆಟ್ ಇರಲಿಲ್ಲ, ಇಂಧನದ ಮೇಲ್ಮೈಯಿಂದ ಏಳುವ ಆವಿಯನ್ನೇ ಎಂಜಿನ್ ಎಳೆದುಕೊಳ್ಳುತ್ತಿತ್ತು. ಇಂಧನವನ್ನು ಸಣ್ಣ ತೂತಿನಿಂದ ತುಂತುರಾಗಿ ಚಿಮ್ಮಿಸುವ ಉಪಾಯ ಐದು ವರ್ಷದ ಮೇಲೆ, 1893ರಲ್ಲಿ ಬಂತು. ಬುಡಾಪೆಸ್ಟ್‌ನಲ್ಲಿ ಬಾಂಕಿ ಮತ್ತು ಚೋಂಕಾ, ಜರ್ಮನಿಯಲ್ಲಿ ಮೈಬಾಖ್, ಒಬ್ಬರನ್ನೊಬ್ಬರು ನೋಡದೆಯೇ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅದನ್ನು ಕಂಡುಕೊಂಡರು.

ಈ ತೂತಿನ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರವಾದವಳು ಇಂಗ್ಲೆಂಡಿನ ಬಿಯಾಟ್ರಿಸ್ ಶಿಲ್ಲಿಂಗ್. 1909ರಲ್ಲಿ ಹುಟ್ಟಿದಳು. ಹದಿನಾಲ್ಕನೇ ವಯಸ್ಸಿಗೆ ಮೋಟಾರ್‌ಸೈಕಲ್ ಕೊಂಡು ಬಿಚ್ಚಿ ಜೋಡಿಸಿದಳು, ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ಓದಿದಳು. ತನ್ನ ಕೈಯಾರೆ ಹದಮಾಡಿದ ನಾರ್ಟನ್ ಗಾಡಿಯಲ್ಲಿ 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥವನ್ನು ಗಂಟೆಗೆ 106 ಮೈಲಿ ವೇಗದಲ್ಲಿ ಸುತ್ತಿ, ನೂರು ಮೈಲಿ ದಾಟಿದವರಿಗೆ ಕೊಡುವ ಚಿನ್ನದ ನಕ್ಷತ್ರ ಪಡೆದಳು. ಮದುವೆಯಾಗುವ ಗಂಡೂ ಆ ನಕ್ಷತ್ರ ಗೆದ್ದು ಬರಲಿ ಎಂದು ಷರತ್ತು ಹಾಕಿದಳೆಂಬ ಕಥೆಯಿದೆ. ಕಥೆಯೇ ಇರಬಹುದು, ಆದರೆ ವರದಕ್ಷಿಣೆಯ ಮಾತು ಕೇಳಿ ಬೇಸತ್ತ ಕಿವಿಗೆ ಹಿತವಾಗಿದೆ.

1940ರ ಯುದ್ಧದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಿಗೊಂದು ವಿಚಿತ್ರ ರೋಗವಿತ್ತು. ಶತ್ರುವನ್ನು ಅಟ್ಟಿಸಿಕೊಂಡು ಮೂಗು ಕೆಳಗೆ ಮಾಡಿ ತಟ್ಟನೆ ಧುಮುಕಿದರೆ, ಕಾರ್ಬ್ಯುರೇಟರಿನ ಪೆಟ್ರೋಲ್ ಮೇಲಕ್ಕೆ ಹಾರಿ, ಎಂಜಿನ್ ಮೊದಲು ಹಸಿದು, ಆಮೇಲೆ ಪೆಟ್ರೋಲ್ ನುಗ್ಗಿ ಉಸಿರುಕಟ್ಟುತ್ತಿತ್ತು. ಜರ್ಮನರ ವಿಮಾನದಲ್ಲಿ ಕಾರ್ಬ್ಯುರೇಟರೇ ಇಲ್ಲ, ಇಂಜೆಕ್ಷನ್. ಅವರು ಧುಮುಕಿ ತಪ್ಪಿಸಿಕೊಂಡು ಹೋಗುತ್ತಿದ್ದರು. ಫಾರ್ನ್‌ಬರೋ ಸಂಸ್ಥೆಯಲ್ಲಿ ಕಾರ್ಬ್ಯುರೇಟರಿನ ಕೆಲಸದಲ್ಲಿದ್ದ ಶಿಲ್ಲಿಂಗ್, ನಡುವೆ ತೂತಿರುವ ಪುಟ್ಟ ಲೋಹದ ತುಂಡೊಂದನ್ನು ಮಾಡಿದಳು. ಎಂಜಿನ್ ಪೂರ್ಣ ಶಕ್ತಿಯಲ್ಲಿ ಎಷ್ಟು ಪೆಟ್ರೋಲ್ ಕುಡಿಯಬಲ್ಲದೋ ಅಷ್ಟೇ ದಾಟುವಂತೆ ತೂತಿನ ಅಳತೆ. ವಿಮಾನ ಬಿಚ್ಚುವ ಕೆಲಸವಿಲ್ಲ. 1941ರಲ್ಲಿ ಒಂದು ಪುಟ್ಟ ತಂಡದೊಡನೆ ವಿಮಾನನೆಲೆಯಿಂದ ವಿಮಾನನೆಲೆಗೆ ಹೋಗಿ ಅದನ್ನು ಹಾಕಿಸಿದಳು, ತಾನು ಮಾತ್ರ ತನ್ನ ಹಳೆಯ ನಾರ್ಟನ್ ಮೇಲೆ. ವಿಮಾನದ ಹುಡುಗರು ಆ ತುಂಡಿಗೆ ಅವಳ ಹೆಸರು ಸೇರಿಸಿ ಪೋಲಿ ಹೆಸರಿಟ್ಟರು. ಎಷ್ಟೋ ಜನ ಆ ತೂತಿನಿಂದ ಬದುಕಿ ಮನೆಗೆ ಬಂದಿರಬೇಕು. ನಮ್ಮ ಶಾಲೆಯ ಎರಡನೇ ಮಹಾಯುದ್ಧದ ಪಾಠದಲ್ಲಿ ಇಷ್ಟು ವರ್ಷ ಅವಳನ್ನು ಬಿಟ್ಟು ಚರ್ಚಿಲ್ ಒಬ್ಬನನ್ನೇ ಹೇಳಿದೆನಲ್ಲ ಎಂದು ಬೇಸರವಾಯಿತು.

ಮಗನ ಭುಜ ಕೂಡಿದಮೇಲೆ, ಗುಜರಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಷರತ್ತು ಮಾತ್ರ ಹಾಕಿದೆ, ಜೆಟ್ ಆರಿಸುವಾಗ ನಾನೂ ಇರುತ್ತೇನೆ ಎಂದು.

ಅಂಕೆಯ ಅರ್ಥ ಮೊದಲು ತಿಳಿಯಬೇಕು. ಜಾವಾದ ಯಿಕೋವ್ ಕಾರ್ಬ್ಯುರೇಟರಿನಲ್ಲಿ ಅದು ತೂತಿನ ಅಗಲ, ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ. 92 ಎಂದರೆ 0.92 ಮಿಲಿಮೀಟರ್. ನಾರ್ಟನ್ನಿನಂಥ ಗಾಡಿಗಳ ಆಮಲ್ ಕಾರ್ಬ್ಯುರೇಟರಿನಲ್ಲಿ ಅಂಕೆ ಅಗಲವನ್ನಲ್ಲ, ನಿಮಿಷಕ್ಕೆ ಎಷ್ಟು ಸಿ.ಸಿ. ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಅಂಕೆ ಒಂದೇ ಎಂದು ಇದರ ಜೆಟ್ ಅದಕ್ಕೆ ಹಾಕುವುದು ಸೇರು ಲೀಟರ್ ಒಂದೇ ಎಂದುಕೊಂಡ ಹಾಗೆ.

ಇನ್ನೊಂದು ಮೋಸ ಲೆಕ್ಕದ್ದು. ಅಗಲ 92ರಿಂದ 100ಕ್ಕೆ ಹೋದರೆ ನೂರಕ್ಕೆ ಒಂಬತ್ತು ಭಾಗ ಹೆಚ್ಚಿತು ಎನಿಸುತ್ತದೆ. ಆದರೆ ಹರಿಯುವುದು ತೂತಿನ ಕ್ಷೇತ್ರಫಲದಲ್ಲಿ, ಅದು ಅಗಲದ ವರ್ಗದಂತೆ ಬೆಳೆಯುತ್ತದೆ. ಹೆಚ್ಚುವುದು ನೂರಕ್ಕೆ ಹದಿನೆಂಟು. ತೂತು ಹಿಗ್ಗಿದ್ದು ಮಾತ್ರ ಒಂದು ತಲೆಗೂದಲಿನ ದಪ್ಪದಷ್ಟು.

ದೊಡ್ಡದರಿಂದ ಶುರುಮಾಡಿ ಇಳಿಯಬೇಕು ಎಂದರು ಮೆಕ್ಯಾನಿಕ್. ಪೆಟ್ರೋಲ್ ಹೆಚ್ಚಾದರೆ ಗಾಡಿ ಕೆಮ್ಮುತ್ತದೆ, ಕಡಿಮೆಯಾದರೆ ಆಳನ್ನು ಬೀಳಿಸುತ್ತದೆ. ಊರಾಚೆಯ ಖಾಲಿ ರಸ್ತೆಯಲ್ಲಿ ಅವರು ಡಬ್ಬಿಯಿಂದ 108 ತೆಗೆದು ಹಾಕಿದರು. ದೊಡ್ಡ ಜೆಟ್ಟಿನ ಗುಣ ಕಾಣುವುದು ಆಕ್ಸಿಲರೇಟರ್ ಮುಕ್ಕಾಲು ದಾಟಿದಮೇಲೆ, ಅದಕ್ಕೂ ಕೆಳಗೆ ಸಣ್ಣ ಜೆಟ್, ಸೂಜಿ ಇವುಗಳ ರಾಜ್ಯ. ಆದ್ದರಿಂದ ಪ್ರತಿ ಸಲವೂ ಪೂರ್ತಿ ತಿರುವಿ ಓಡಿಸಿ, ಕ್ಲಚ್ ಹಿಡಿದು ಒಮ್ಮೆಗೇ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. 108ಕ್ಕೆ ಕಾಡಿಗೆ ಕಪ್ಪು. 104ಕ್ಕೂ ಮಸಿ. 100ಕ್ಕೆ ಕಾಫಿಪುಡಿಯ ಬಣ್ಣ. ಒಂದು ಸಲ ತಿಳಿದಿರಲಿ ಎಂದು 96 ಹಾಕಿ, ಕೊಂಚವೇ ದೂರ ಓಡಿಸಿ ತೋರಿಸಿದರು. ಪ್ಲಗ್ಗಿನ ತುದಿ ಸುಣ್ಣದ ಹಾಗೆ ಬೆಳ್ಳಗಾಗತೊಡಗಿತ್ತು. ಮಗ ಅದನ್ನು ಬಹಳ ಹೊತ್ತು ನೋಡಿದ. ಮತ್ತೆ 100.

ಅವನು ಓಡಿಸಿಕೊಂಡು ಹೋದಾಗಲೆಲ್ಲ ನಾನು ರಸ್ತೆಯ ಬದಿಯಲ್ಲಿ ಉಸಿರು ಬಿಗಿಹಿಡಿದು ಆ ಸದ್ದಿಗೆ ಕಿವಿಗೊಟ್ಟು ನಿಂತಿರುತ್ತಿದ್ದೆ. ಈಗಲೂ ಅವನು ಬರುವವರೆಗೆ ಅಡಿಗೆಮನೆಯಲ್ಲಿ ನನ್ನ ಕಿವಿ ಬೀದಿಯ ಕಡೆಗೇ.

ಹೊರಡುವಾಗ ಮೆಕ್ಯಾನಿಕ್ ಹಳೆಯ ಜೆಟ್ ಅನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಎಸೀಬೇಡಿ ಟೀಚರಮ್ಮ, ಯಾವತ್ತಾದರೂ ಹಳೇ ಸೈಲೆನ್ಸರ್ ಹಾಕಿದರೆ ಇದಕ್ಕೆ ಹತ್ತಿರದ್ದೇ ಬೇಕಾಗುತ್ತೆ." ಅಮ್ಮ ಅದನ್ನು ಬಿಚ್ಚಿ, ಕಣ್ಣಿನ ಹತ್ತಿರ ಹಿಡಿದು ಬೆಳಕಿಗೆ ನೋಡಿ, ತಮ್ಮ ಸೂಜಿದಾರದ ಡಬ್ಬಿಯಲ್ಲಿ ಹಾಕಿಟ್ಟುಕೊಂಡಿದ್ದಾರೆ.