ಮೃತರನ್ನು ಕಂಡೆವೆಂದವರ ಮಾತು

ನವೆಂಬರ್ ತಿಂಗಳ ಎರಡನೆಯ ದಿನ ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳು ಹೂವುಗಳಿಂದಲೂ ಮೇಣದಬತ್ತಿಗಳಿಂದಲೂ ತುಂಬುತ್ತವೆ. ಅಂದು ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂಬುದನ್ನು ಅನೇಕರು ಬಲ್ಲರು. ಆದರೆ ಈ ಅನುಮತಿ ಜಗತ್ತಿಗೆಲ್ಲ ದೊರೆತದ್ದು ಒಂದು ಘೋರ ಯುದ್ಧದ ನಡುವೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಅದುವರೆಗೆ ಸ್ಪೇನ್, ಪೋರ್ಚುಗಲ್ ಮೊದಲಾದ ನಾಡುಗಳಿಗೆ ಸೀಮಿತವಾಗಿದ್ದ ಈ ಸವಲತ್ತನ್ನು ಜಗದ್ಗುರು ಪೋಪ್ ಹದಿನೈದನೆಯ ಬೆನೆಡಿಕ್ಟರು 1915ರ ಆಗಸ್ಟ್ 10ರಂದು ಸಮಸ್ತ ಧರ್ಮಸಭೆಗೆ ವಿಸ್ತರಿಸಿದರು. ಮೊದಲನೆಯ ಮಹಾಯುದ್ಧ ಆರಂಭವಾಗಿ ಆಗ ಒಂದು ವರ್ಷ ಕಳೆದಿತ್ತು. ಯೂರೋಪಿನ ಮನೆಮನೆಯಲ್ಲೂ ಸಾವಿನ ಸುದ್ದಿ ತಂದ ಕಾಗದವಿತ್ತು. ಸಮಾಧಿ ಮಾತ್ರ ಇರಲಿಲ್ಲ.

ಆ ಯುದ್ಧದಲ್ಲಿ ಮಡಿದ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿಯ ಸಮಾಧಿ ಎಲ್ಲಿದೆಯೆಂಬುದು ಗೊತ್ತಿಲ್ಲ. ದೇಹ ದೊರೆತವರನ್ನೂ ಊರಿಗೆ ಕಳುಹಿಸಲಿಲ್ಲ. ಬಿದ್ದ ನೆಲದ ಸಮೀಪದಲ್ಲೇ ಹೂಳಲಾಯಿತು. ಮಗನ ಮುಖವನ್ನು ಕೊನೆಯ ಬಾರಿ ನೋಡದೆ, ಒಂದು ಹಿಡಿ ಮಣ್ಣು ಹಾಕದೆ ಉಳಿದ ತಾಯಂದಿರ ಮನಸ್ಸು ಅವನು ಸತ್ತನೆಂಬುದನ್ನು ಹೇಗೆ ಒಪ್ಪೀತು? ಬಾಗಿಲಲ್ಲಿ ಅವನ ಹೆಜ್ಜೆ ಸಪ್ಪಳ ಕೇಳಿಸಿತು, ನಡುರಾತ್ರಿ ಅವನು ಮಂಚದ ಬಳಿ ನಿಂತಿದ್ದನು ಎಂಬಂತಹ ಮಾತುಗಳು ಆ ಕಾಲದ ದುಃಖದೊಡನೆ ಬೆರೆತುಹೋದವು.

ರಣರಂಗದಲ್ಲಿದ್ದವರ ಅನುಭವವೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ 1929ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಇಂತಹ ಒಂದು ಘಟನೆಯನ್ನು ದಾಖಲಿಸಿದ್ದಾರೆ. 1915ರಲ್ಲಿ ಫ್ರಾನ್ಸಿನ ಬೆತ್ಯೂನ್ ಪಟ್ಟಣದಲ್ಲಿ ಅವರು ಊಟಕ್ಕೆ ಕುಳಿತಿದ್ದಾಗ ಪರಿಚಿತ ಸೈನಿಕನೊಬ್ಬ ಕಿಟಕಿಯಾಚೆ ಬಂದು ವಂದಿಸಿ ಮುಂದೆ ಹೋದನಂತೆ. ಆ ಸೈನಿಕನು ಅದಕ್ಕೆ ಮೊದಲೇ, ಮೇ ತಿಂಗಳಲ್ಲಿ, ಯುದ್ಧದಲ್ಲಿ ಮಡಿದಿದ್ದನು. ಅದೇ ವರ್ಷದ ಫೆಬ್ರವರಿಯಲ್ಲಿ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನದಲ್ಲಿ ‘ಶೆಲ್ ಶಾಕ್’ ಎಂಬ ಹೆಸರನ್ನು ಬಳಸಿದ್ದರು. ದೇಹಕ್ಕೆ ಗಾಯವಿಲ್ಲದಿದ್ದರೂ ಮಾತು, ದೃಷ್ಟಿ, ನಿದ್ರೆ ಕಳೆದುಕೊಂಡ ಸೈನಿಕರ ಅವಸ್ಥೆಯದು. ಯುದ್ಧ ಮುಗಿಯುವ ವೇಳೆಗೆ ಬ್ರಿಟಿಷ್ ಸೇನೆಯಲ್ಲಿಯೇ ಇಂತಹವರು ಸುಮಾರು 80,000 ಮಂದಿಯಿದ್ದರು.

ನೊಂದವರ ಈ ಅನುಭವಗಳಿಗೆ ಅಂದಿನ ಸಮಾಜ ಕೊಟ್ಟ ಮೊದಲ ಉತ್ತರ ಮೃತರನ್ನು ಕರೆಸಿ ಮಾತನಾಡಿಸುವ ಕೂಟಗಳು. ಪ್ರಸಿದ್ಧ ಭೌತವಿಜ್ಞಾನಿ ಸರ್ ಆಲಿವರ್ ಲಾಡ್ಜ್ ಅವರಿಗೆ ಇಂತಹ ವಿಷಯಗಳಲ್ಲಿ ಮೊದಲಿನಿಂದಲೂ ಆಸಕ್ತಿಯಿತ್ತು. 1915ರ ಸೆಪ್ಟೆಂಬರಿನಲ್ಲಿ ಮಗ ರೇಮಂಡ್ ಯುದ್ಧದಲ್ಲಿ ಮಡಿದ ಮೇಲೆ ಅವರು ‘ಮೀಡಿಯಂ’ಗಳ ಮೂಲಕ ಅವನ ಸಂದೇಶಗಳನ್ನು ಪಡೆದೆವೆಂದು ನಂಬಿ, 1916ರಲ್ಲಿ ಅವನ ಹೆಸರಿನಲ್ಲೇ ಒಂದು ಗ್ರಂಥವನ್ನು ಪ್ರಕಟಿಸಿದರು. ಪರಲೋಕದಲ್ಲಿಯೂ ಸಿಗಾರ್ ಮತ್ತು ವಿಸ್ಕಿ ದೊರೆಯುತ್ತವೆಂಬ ವಿವರವನ್ನು ಓದಿ ಹಲವರು ನಕ್ಕರು. ಆದರೆ ಮಕ್ಕಳನ್ನು ಕಳೆದುಕೊಂಡವರು ನಗಲಿಲ್ಲ. ಅವರು ಕೂಟಗಳ ಬಾಗಿಲು ತಟ್ಟಿದರು. ಅಲ್ಲಿ ಪ್ರಾಮಾಣಿಕರೂ ಇದ್ದಿರಬಹುದು, ಆದರೆ ಅಳುವವರ ಹಣ ದೋಚುವವರಿಗೇನೂ ಕೊರತೆಯಿರಲಿಲ್ಲ.

ಈ ವಿಷಯದಲ್ಲಿ ನಮ್ಮಂತಹ ಧಾರ್ಮಿಕ ಪತ್ರಿಕೆಗಳೂ ನಿರ್ದೋಷಿಗಳಲ್ಲ. 1914ರ ಸೆಪ್ಟೆಂಬರ್ 29ರಂದು ಆರ್ಥರ್ ಮೇಚನ್ ಎಂಬ ಲೇಖಕರು ಲಂಡನ್ನಿನ ಪತ್ರಿಕೆಯೊಂದರಲ್ಲಿ ಒಂದು ಕಥೆ ಬರೆದರು. ಬೆಲ್ಜಿಯಮಿನ ಮೋನ್ಸ್ ಕದನದ ಸುದ್ದಿಯಿಂದ ಪ್ರೇರಿತವಾದ ಆ ಕಥೆಯಲ್ಲಿ ಸಂತ ಜಾರ್ಜರೊಡನೆ ಹಿಂದಿನ ಕಾಲದ ಬಿಲ್ಲುಗಾರರು ಬಂದು ಸೈನಿಕರನ್ನು ಕಾಪಾಡುತ್ತಾರೆ. ಅದು ಕೇವಲ ಕಲ್ಪನೆ. ಆದರೆ ಧರ್ಮಕೇಂದ್ರಗಳ ಪತ್ರಿಕೆಗಳು ಅದನ್ನು ಮರುಮುದ್ರಿಸಿದವು. ಕ್ರಮೇಣ ಬಿಲ್ಲುಗಾರರು ದೇವದೂತರಾದರು. ಕಥೆಗೆ ಆಧಾರವೇನೆಂದು ಕೇಳಿದ ಸಂಪಾದಕ ಪಾದ್ರಿಯೊಬ್ಬರಿಗೆ, ಅದು ತಾನೇ ಕಟ್ಟಿದ ಕಥೆಯೆಂದು ಮೇಚನ್ ಉತ್ತರ ಬರೆದರು. ಆ ಪಾದ್ರಿಗಳು ಮಾತ್ರ, ತಪ್ಪು ತಮ್ಮದೇ ಇರಬೇಕು, ಘಟನೆ ನಿಜವೇ ಎಂದು ಲೇಖಕರಿಗೇ ತಿಳಿಹೇಳಿದರಂತೆ! ನೊಂದವರಿಗೆ ಸಾಂತ್ವನ ನೀಡುವ ಆತುರದಲ್ಲಿ ಸತ್ಯವನ್ನು ಸಡಿಲಿಸುವುದು ಕೂಡ ಅವರಿಗೆ ಬಗೆಯುವ ದ್ರೋಹವೇ.

1917ರ ಏಪ್ರಿಲ್‌ನಲ್ಲಿ ರೋಮಿನ ಧರ್ಮಪೀಠವು ಸ್ಪಷ್ಟವಾದ ತೀರ್ಪು ನೀಡಿತು: ಇಂತಹ ಕೂಟಗಳಲ್ಲಿ ಕಥೋಲಿಕರು ಕೇವಲ ಪ್ರೇಕ್ಷಕರಾಗಿ ಸಹ ಪಾಲ್ಗೊಳ್ಳಬಾರದು. ಸೌಲ ಅರಸನು ಏಂದೋರಿನ ಸ್ತ್ರೀಯ ಬಳಿಗೆ ಹೋದ ಪ್ರಸಂಗ ನಮಗೆ ತಿಳಿದದ್ದೇ. ದೇವರ ಕೈಯಲ್ಲಿರುವವರನ್ನು ನಮ್ಮ ಅಪ್ಪಣೆಗೆ ಕರೆಸುವ ಯತ್ನವನ್ನು ಪವಿತ್ರಗ್ರಂಥ ಎಂದೂ ಒಪ್ಪಿಲ್ಲ. ಆ ನಿಷೇಧ ಇಂದಿಗೂ ಇದೆ. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ಮೃತರನ್ನು ಕರೆಸಲು ಹೋಗುವುದು ಒಂದು. ಕರೆಯದೆಯೇ ಬಂದ ಅನುಭವದಿಂದ ತತ್ತರಿಸುವುದು ಇನ್ನೊಂದು. ಮೊದಲನೆಯದು ಮನುಷ್ಯನ ಆಯ್ಕೆ, ಎರಡನೆಯದು ಅವನ ಗಾಯ. ಗಾಯಗೊಂಡವರಿಗೆ ನಿಷೇಧವೊಂದೇ ಔಷಧವಾಗದು.

ಔಷಧ ಯಾವುದೆಂಬುದನ್ನು ಆ ಕಾಲದ ಒಬ್ಬ ವೈದ್ಯರು ತೋರಿಸಿಕೊಟ್ಟರು. ಅವರು ಡಾ. ಡಬ್ಲ್ಯೂ. ಎಚ್. ಆರ್. ರಿವರ್ಸ್. ಯುದ್ಧಕ್ಕೂ ಮುಂಚೆ ನಮ್ಮ ನೆರೆಯ ನೀಲಗಿರಿಗೆ ಬಂದು, ತೋಡ ಜನರ ಆಚಾರಗಳನ್ನು, ಅವರ ದೀರ್ಘವಾದ ಶವಸಂಸ್ಕಾರದ ವಿಧಿಗಳನ್ನು ಸಹನೆಯಿಂದ ಕೇಳಿ ತಿಳಿದು 1906ರಲ್ಲಿ ಗ್ರಂಥ ರಚಿಸಿದವರು ಇವರೇ. ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಶೆಲ್ ಶಾಕ್‌ಗೆ ಒಳಗಾದ ಅಧಿಕಾರಿಗಳನ್ನು ಅವರು ನೋಡಿಕೊಂಡರು. ಅವರ ಬಳಿ ಬಂದ ಒಬ್ಬ ಯುವ ಅಧಿಕಾರಿ, ಸ್ಫೋಟಕ್ಕೆ ಸಿಕ್ಕಿ ಛಿದ್ರವಾಗಿದ್ದ ಗೆಳೆಯನ ದೇಹವನ್ನು ಕಂಡಿದ್ದನು. ಅಂದಿನಿಂದ ಆ ಗೆಳೆಯನು ಪ್ರತಿರಾತ್ರಿ ಅದೇ ವಿಕಾರ ರೂಪದಲ್ಲಿ ಅವನನ್ನು ಕಾಡುತ್ತಿದ್ದನು. ಎಲ್ಲವನ್ನೂ ಮರೆತುಬಿಡು ಎಂಬ ಸಲಹೆ ಅವನಿಗೆ ಆ ಮೊದಲೇ ದೊರೆತಿತ್ತು. ಮರೆಯಲು ಯತ್ನಿಸಿದಷ್ಟೂ ಇರುಳಿನ ಭಯ ಹೆಚ್ಚಿತ್ತು.

ರಿವರ್ಸ್ ಅವನ ಮಾತನ್ನು ಪೂರ್ತಿಯಾಗಿ ಕೇಳಿದರು. ಬಳಿಕ, ದೇಹದ ಆ ಸ್ಥಿತಿಯೇ ಗೆಳೆಯನು ಕ್ಷಣಮಾತ್ರದಲ್ಲಿ, ನರಳದೆ ಸತ್ತನೆಂಬುದಕ್ಕೆ ಸಾಕ್ಷಿಯಲ್ಲವೇ ಎಂದು ತಿಳಿಸಿದರು. ಕೆಲವು ರಾತ್ರಿಗಳು ಕನಸಿಲ್ಲದೆ ಕಳೆದವು. ಮತ್ತೆ ಕನಸು ಬಿದ್ದಾಗ ಅವನು ಗೆಳೆಯನ ಪಕ್ಕದಲ್ಲಿ ಮಂಡಿಯೂರಿ, ಮನೆಯವರಿಗೆ ತಲುಪಿಸಲೆಂದು ಅವನ ವಸ್ತುಗಳನ್ನು ಮೆಲ್ಲನೆ ತೆಗೆಯುತ್ತಿದ್ದನು. ಎಚ್ಚರವಾದಾಗ ಭಯವಿರಲಿಲ್ಲ; ಅವನು ಮೌನವಾಗಿ ಅಳುತ್ತಿದ್ದನು. ಕಾಡುವ ಆಕೃತಿ ಮತ್ತೆ ಗೆಳೆಯನಾಗಿತ್ತು. ಇದನ್ನು ರಿವರ್ಸ್ 1918ರಲ್ಲಿ ಪ್ರಕಟಿಸಿದರು.

ಇಂತಹ ಅನುಭವಗಳು ಯುದ್ಧದವರಿಗಷ್ಟೇ ಮೀಸಲಲ್ಲ. ವೇಲ್ಸ್ ಪ್ರಾಂತ್ಯದ ವೈದ್ಯ ಡೀವಿ ರೀಸ್, ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ 1971ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೃತ ಸಂಗಾತಿಯ ಇರವನ್ನು ಅನುಭವಿಸಿದ್ದರು. ಕೆಲವರು ಕಂಡಿದ್ದರು, ಕೆಲವರು ದನಿ ಕೇಳಿದ್ದರು. ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ದೊರೆತಿತ್ತು. ಆದರೂ ಬಹುಪಾಲು ಜನ ಯಾರಲ್ಲೂ ಅದನ್ನು ಹೇಳಿರಲಿಲ್ಲ. ವೈದ್ಯರಿಗೆ ಒಬ್ಬರೂ ತಿಳಿಸಿರಲಿಲ್ಲ. ತಮ್ಮ ಪಾದ್ರಿಗೆ ತಿಳಿಸಿದವರು ಒಬ್ಬರೇ ಒಬ್ಬರು! ಸಾವಿನ ಮನೆಗೆ ಮೊದಲು ಧಾವಿಸುವವರು ಗುರುಗಳು. ಅವರೆದುರಿನಲ್ಲೇ ಈ ಮೌನವೆಂದರೆ ನಾವು ಯೋಚಿಸಬೇಕಾದ ಸಂಗತಿ. ಹುಚ್ಚೆಂದಾರೆಂಬ ನಾಚಿಕೆ, ದೆವ್ವ ಹಿಡಿದಿದೆಯೆಂದಾರೆಂಬ ಅಂಜಿಕೆ ಜನರ ಬಾಯಿ ಕಟ್ಟುತ್ತವೆ.

ಸಂತ ಲೂಕನ ಶುಭಸಂದೇಶದ ಕೊನೆಯ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಬಹುದು. ಪುನರುತ್ಥಾನವು ದುಃಖಿತರ ಭ್ರಮೆಯಲ್ಲ. ಅದು ನಮ್ಮ ವಿಶ್ವಾಸದ ಬುನಾದಿ. ಆದರೆ ಶಿಲುಬೆಯ ಆಘಾತದಿಂದ ಕಂಗೆಟ್ಟ ಶಿಷ್ಯರು ಎದುರಿಗೆ ನಿಂತ ಪ್ರಭುವನ್ನು ಭೂತವೆಂದು ಬಗೆದು ನಡುಗಿದರು. ಯೇಸುಸ್ವಾಮಿ ಅವರನ್ನು ತ್ಯಜಿಸಲಿಲ್ಲ. ಕೈಕಾಲುಗಳ ಗಾಯಗಳನ್ನು ತೋರಿಸಿದರು, ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಅವರು ಕೊಟ್ಟ ಮೀನಿನ ತುಂಡನ್ನು ಅವರ ಮುಂದೆಯೇ ತಿಂದರು. ಹೆದರಿದವರನ್ನು ಸತ್ಯಕ್ಕೆ ಕರೆತಂದ ರೀತಿ ಅದು.

ಹಠಾತ್ ಸಾವು, ಅಪಘಾತ, ಪ್ರವಾಹ, ಹಿಂಸೆ ಯಾವ ಕುಟುಂಬವನ್ನೂ ಬಿಟ್ಟಿಲ್ಲ. ಇಂತಹ ಮನೆಯ ಅಮ್ಮನೋ ಅಜ್ಜನೋ ನಿನ್ನೆ ರಾತ್ರಿ ಅವನ ದನಿ ಕೇಳಿಸಿತೆಂದರೆ, ಮಂತ್ರವಾದಿಯ ಮನೆಗೂ ಓಡಬೇಕಿಲ್ಲ, ಬಾಯಿ ಮುಚ್ಚೆಂದು ಗದರಿಸಲೂ ಬೇಕಿಲ್ಲ. ಪಕ್ಕದಲ್ಲಿ ಕುಳಿತು ಕೇಳೋಣ. ನಿದ್ರೆ, ಊಟ ತಪ್ಪಿದ್ದರೆ, ಭಯ ದಿನೇ ದಿನೇ ಬೆಳೆಯುತ್ತಿದ್ದರೆ, ಕೇಳಿಸುವ ದನಿ ಕೆಡುಕಿಗೆ ಪ್ರೇರೇಪಿಸುತ್ತಿದ್ದರೆ ತಡಮಾಡದೆ ಮನೋವೈದ್ಯರ ಬಳಿಗೆ ಕರೆದೊಯ್ಯೋಣ. ಅದು ವಿಶ್ವಾಸದ ಕೊರತೆಯಲ್ಲ. ಬಳಿಕ ಅವರೊಡನೆ ದೇವಾಲಯಕ್ಕೆ ನಡೆದು, ಅಗಲಿದವರ ಹೆಸರು ಹೇಳಿ ಬಲಿಪೂಜೆಯಲ್ಲಿ ಪ್ರಾರ್ಥಿಸೋಣ. ಸಮಾಧಿಯಿಲ್ಲದ ಲಕ್ಷಾಂತರ ಮಕ್ಕಳಿಗಾಗಿ ಅತ್ತ ಆ ತಲೆಮಾರಿಗೆ ಧರ್ಮಸಭೆ 1915ರಲ್ಲಿ ಕೊಟ್ಟದ್ದು ಅದನ್ನೇ.